ವಾರದ ದಿನಗಳ ಬೆಳಗಿನ ಧಾವಂತವನ್ನು ತಗ್ಗಿಸುವ ಬಗೆ

ಮೈಸೂರಿನ ಬಹುಪಾಲು ಮನೆಗಳಲ್ಲಿ ವಾರದ ದಿನಗಳಂದು ಬೆಳಿಗ್ಗೆ ಆರರಿಂದ ಎಂಟೂವರೆಯವರೆಗಿನ ಹೊತ್ತು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕಳೆಯುತ್ತದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡಬೇಕು, ಹಾಲು ಕಾಯಿಸಬೇಕು, ತಿಂಡಿಯಾಗಬೇಕು, ಡಬ್ಬಿ ತುಂಬಬೇಕು, ಮಕ್ಕಳಿಗೆ ಜಡೆ ಹಾಕಬೇಕು. ಇದರ ನಡುವೆ ಹೆಬ್ಬಾಳು, ಹೂಟಗಳ್ಳಿಯ ಕಾರ್ಖಾನೆಗಳಿಗೋ ಮಂಡ್ಯದ ಕಚೇರಿಗೋ ಹೊರಡುವವರ ಅವಸರ ಬೇರೆ. ಈ ಕೆಲಸಗಳನ್ನೇ ಇನ್ನಷ್ಟು ಬಿರುಸಾಗಿ ಮಾಡಲು ಹೊರಟರೆ ಸುಸ್ತು ಹೆಚ್ಚುತ್ತದೆಯೇ ಹೊರತು ಹೊತ್ತು ಉಳಿಯುವುದಿಲ್ಲ. ಬೆಳಗಿನ ಹೊತ್ತನ್ನು ತಿಂದುಹಾಕುವುದು ಕೈಗೆಲಸಕ್ಕಿಂತ ಹೆಚ್ಚಾಗಿ ಕಾಯುವಿಕೆ: ನೀರು ಬಿಸಿಯಾಗಲಿ ಎಂದು, ಕುಕ್ಕರ್ ಕೂಗಲಿ ಎಂದು, ಡಿಕಾಕ್ಷನ್ ಇಳಿಯಲಿ ಎಂದು, ಬಚ್ಚಲುಮನೆ ತೆರವಾಗಲಿ ಎಂದು ನಿಂತಿರುವುದು. ಆದ್ದರಿಂದ ಕಾಯಬೇಕಾದ ಕೆಲಸಗಳನ್ನು ಆದಷ್ಟೂ ಹಿಂದಿನ ರಾತ್ರಿಗೆ ಸರಿಸಬೇಕು. ಹಾಗೆ ಸರಿಸಲು ಬಾರದಿರುವುದಕ್ಕೆ ಮಾತ್ರ ಹಣ ಖರ್ಚು ಮಾಡಿ ಸಾಮಾನು ಕೊಳ್ಳಬೇಕು.

ಏನನ್ನಾದರೂ ಕೊಳ್ಳುವ ಮೊದಲು ಎರಡು ಮೂರು ದಿನ ನಿಮ್ಮ ಮನೆಯ ಬೆಳಗನ್ನು ಗಡಿಯಾರ ನೋಡಿಕೊಂಡು ಗಮನಿಸಿ. ಯಾರು ಯಾವುದಕ್ಕಾಗಿ ಕಾದು ನಿಂತರು, ಎಷ್ಟು ಹೊತ್ತು ನಿಂತರು ಎಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಮಾಡಿಟ್ಟುಕೊಂಡರೆ ಸಾಕು. ಕೆಲವು ಮನೆಗಳಲ್ಲಿ ತಡವಾಗುವುದು ಒಲೆಯ ಬಳಿ, ಕೆಲವು ಮನೆಗಳಲ್ಲಿ ಒಂದೇ ಬಚ್ಚಲುಮನೆಯ ಬಾಗಿಲ ಬಳಿ, ಇನ್ನು ಕೆಲವೆಡೆ ಕಾಣೆಯಾದ ಕಾಲುಚೀಲ ಮತ್ತು ಗಾಡಿಯ ಕೀಲಿಯ ಬಳಿ. ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡ ಮನೆಗೆ ಹೊಸ ಮಿಕ್ಸಿ ಬಂದರೆ ಯಾವ ಪ್ರಯೋಜನವೂ ಇಲ್ಲ.

ನೀರು ಮತ್ತು ಸ್ನಾನ

ಸ್ನಾನದ ಸರದಿಯನ್ನು ಗೀಸರಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. 2 ಕಿಲೊವ್ಯಾಟಿನ ಗೀಸರು 15 ಲೀಟರು ನೀರನ್ನು ಚೆನ್ನಾಗಿ ಬಿಸಿ ಮಾಡಲು ಇಪ್ಪತ್ತು ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತದೆ. 25 ಲೀಟರಿನದಾದರೆ ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಒಂದು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಆ ನೀರಿಗೆ ತಣ್ಣೀರು ಬೆರೆಸಿದಾಗ 15 ಲೀಟರಿನ ಗೀಸರಿನಿಂದ ಎರಡು ಬಕೆಟ್, 25 ಲೀಟರಿನದರಿಂದ ಮೂರು ಬಕೆಟ್ ಹದವಾದ ನೀರು ಸಿಗುತ್ತದೆ. ನಾಲ್ಕು ಜನ ಬೆಳಿಗ್ಗೆಯೇ ಸ್ನಾನ ಮಾಡುವ ಮನೆಯಲ್ಲಿ ಚಿಕ್ಕ ಗೀಸರಿದ್ದರೆ, ಇಬ್ಬರ ಸ್ನಾನವಾದ ಮೇಲೆ ಮತ್ತಿಬ್ಬರು ಇಪ್ಪತ್ತು ನಿಮಿಷ ಕಾಯಲೇಬೇಕು. ಮೊದಲ ಇಬ್ಬರು ಆರು ಗಂಟೆಗೆ, ಉಳಿದಿಬ್ಬರು ತಿಂಡಿ ಮುಗಿಸಿದ ಮೇಲೆ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಆ ಇಪ್ಪತ್ತು ನಿಮಿಷ ಯಾರನ್ನೂ ಬಾಧಿಸುವುದಿಲ್ಲ. ಏಳುವ ಮೊದಲೇ ನೀರು ಕಾದಿರಲಿ ಎನ್ನುವವರು ಟೈಮರ್ ಪ್ಲಗ್ ಕೊಳ್ಳಬಹುದು. ಆದರೆ 2 ಕಿಲೊವ್ಯಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ಟೈಮರನ್ನೇ ಕೇಳಿ ತರಬೇಕು. ಸಾಮಾನ್ಯ 6 ಆಂಪಿಯರಿನದು ಬಿಸಿಯಾಗಿ ಸುಟ್ಟುಹೋಗುವ ಅಪಾಯವಿದೆ. ಗೃಹಜ್ಯೋತಿಯ ಫಲಾನುಭವಿಗಳಾಗಿದ್ದು ತಿಂಗಳ ಬಳಕೆ 200 ಯೂನಿಟ್ಟಿನ ಹತ್ತಿರಹತ್ತಿರ ಇರುವವರು ಗೀಸರನ್ನು ಮರೆತು ಹಾಗೇ ಬಿಡದಿರುವುದಕ್ಕೂ ಈ ಟೈಮರು ನೆರವಾಗುತ್ತದೆ, ಏಕೆಂದರೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ.

ಮಾಳಿಗೆಯ ಮೇಲೆ ಸೋಲಾರ್ ಇರುವ ಮನೆಗಳಲ್ಲಿ ಸಂಜೆಯ ಹೊತ್ತಿಗೆ ನೀರು ಚೆನ್ನಾಗಿ ಕಾದಿರುತ್ತದೆ. ಮನೆಯ ಒಬ್ಬಿಬ್ಬರು, ವಿಶೇಷವಾಗಿ ಆಡಿ ದಣಿದು ಬರುವ ಮಕ್ಕಳು, ಸಂಜೆಯೇ ಸ್ನಾನ ಮಾಡುವ ರೂಢಿ ಮಾಡಿಕೊಂಡರೆ ಬೆಳಗಿನ ಸರದಿ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಬಹಳ ಮನೆಗಳು ಇದನ್ನು ಯೋಚಿಸುವುದೇ ಇಲ್ಲ. ಗ್ಯಾಸ್ ಗೀಸರು ಕೊಳ್ಳುವವರಿಗೆ ಮಾತ್ರ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ನೀರು ತಕ್ಷಣ ಬಿಸಿಯಾಗುತ್ತದೆ ಎಂಬುದು ನಿಜ, ಆದರೆ ಗಾಳಿಯಾಡದ ಬಚ್ಚಲುಮನೆಯ ಒಳಗೆ ಅದನ್ನು ಕೂರಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ. ಅದರ ಜಾಗ ಹೊರಗಿನ ತೆರೆದ ಗೋಡೆಯೇ.

ನನ್ನ ಅಭಿಪ್ರಾಯದಲ್ಲಿ ಸ್ವಂತ ಸಂಪು ಮತ್ತು ಮಾಳಿಗೆಯ ಟ್ಯಾಂಕ್ ಇರುವ ಮನೆ ಮೊದಲು ಕೊಳ್ಳಬೇಕಾದ ವಸ್ತು ನೀರಿನ ಮಟ್ಟ ನೋಡಿ ಮೋಟರನ್ನು ತಾನೇ ಚಾಲು ಮಾಡಿ ತಾನೇ ನಿಲ್ಲಿಸುವ ಕಂಟ್ರೋಲರ್. ತಲೆಗೆ ಸೋಪು ಹಚ್ಚಿಕೊಂಡಾಗ ನಲ್ಲಿ ನಿಲ್ಲುವುದು, ದೋಸೆ ಹುಯ್ಯುತ್ತಿರುವವರು ಒಲೆ ಬಿಟ್ಟು ಮೋಟರ್ ಹಾಕಲು ಓಡುವುದು, ಆಮೇಲೆ ಟ್ಯಾಂಕ್ ತುಂಬಿ ನೀರು ಬೀದಿಗೆ ಹರಿಯುವುದು, ಈ ಮೂರೂ ಅದರಿಂದ ನಿಲ್ಲುತ್ತವೆ.

ಅಡುಗೆಮನೆ

ಮೊದಲು ಕಾಫಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಬೇಕು. ರಾತ್ರಿಯೇ ಇಳಿಸಿಟ್ಟು ಬೆಳಿಗ್ಗೆ ಹಾಲು ಮಾತ್ರ ಕಾಯಿಸುವವರು ಬಹಳ ಮಂದಿ ಇದ್ದಾರೆ, ಆದರೆ ಹಾಗೆ ಮಾಡಿದ ಕಾಫಿಯಲ್ಲಿ ಘಮ ಕುಂದಿರುತ್ತದೆ. ಅದಕ್ಕಿಂತ ಮೇಲಾದ ಉಪಾಯವೊಂದಿದೆ. ಮಲಗುವ ಮುನ್ನ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಹಗುರವಾಗಿ ಒತ್ತಿ, ಮುಚ್ಚಿಡಿ. ಕಾಫಿಗೆ ಬೇಕಾದಷ್ಟೇ ನೀರನ್ನು ಅಳೆದು ಪಕ್ಕದ ಪಾತ್ರೆಯಲ್ಲಿ ಒಲೆಯ ಮೇಲೇ ಇಟ್ಟಿರಿ. ಎದ್ದ ಕೂಡಲೇ ಒಲೆ ಹಚ್ಚಿ, ನೀರು ಕುದಿದೊಡನೆ ಹುಯ್ದು, ಮುಖ ತೊಳೆದು ಬಾಗಿಲಿಗೆ ರಂಗೋಲಿ ಇಟ್ಟು ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಬೆಳಗಿನ ಮೊದಲ ಲೋಟಕ್ಕೆ ಹೊಸ ಪ್ಯಾಕೆಟ್ಟಿಗಾಗಿ ಕಾಯದೆ ಹಿಂದಿನ ಸಂಜೆಯ ಹಾಲನ್ನೇ ಫ್ರಿಜ್ಜಿನಲ್ಲಿ ಉಳಿಸಿಕೊಂಡಿರುವುದು ಒಳ್ಳೆಯದು.

ತಿಂಡಿಯ ವಿಷಯದಲ್ಲಿ ಅತಿ ದೊಡ್ಡ ತಡೆ ‘ಇವತ್ತು ಏನು ಮಾಡಲಿ’ ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಭಾನುವಾರವೇ ಮುಗಿಸಿಬಿಡಬೇಕು. ಭಾನುವಾರ ಸಂಜೆ ರುಬ್ಬಿದ ಹಿಟ್ಟು ಸೋಮವಾರಕ್ಕೆ ಇಡ್ಲಿಯಾಗುತ್ತದೆ, ಫ್ರಿಜ್ಜಿಗೆ ಹೋದ ಉಳಿಕೆ ಮಂಗಳವಾರಕ್ಕೆ ದೋಸೆಯಾಗುತ್ತದೆ, ಇನ್ನೂ ಉಳಿದು ಸ್ವಲ್ಪ ಹುಳಿಯಾದದ್ದು ಈರುಳ್ಳಿ ಹಸಿಮೆಣಸಿನಕಾಯಿ ಸೇರಿ ಬುಧವಾರಕ್ಕೆ ಪಡ್ಡು ಆಗುತ್ತದೆ. ಅಲ್ಲಿಗೆ ವಾರದ ಅರ್ಧ ಮುಗಿಯಿತು. ಒಂದು ಅಳತೆ ಉದ್ದಿನಬೇಳೆಗೆ ಎರಡು ಅಳತೆ ಇಡ್ಲಿ ರವೆ ಎಂಬುದು ಮನೆಮನೆಯ ಲೆಕ್ಕ. ಆದರೆ ಹಿಟ್ಟು ಉಬ್ಬುವುದು ಹವೆಯನ್ನು ಅವಲಂಬಿಸಿದೆ ಎಂಬುದನ್ನು ಮರೆಯಬಾರದು. ಏಪ್ರಿಲ್ ತಿಂಗಳಲ್ಲಿ ಎಂಟು ಗಂಟೆಯೊಳಗೆ ಪಾತ್ರೆ ಮೀರಿ ಚೆಲ್ಲುವ ಅದೇ ಹಿಟ್ಟು ಡಿಸೆಂಬರಿನ ಮೈಸೂರಿನ ಚಳಿಗೆ ಹನ್ನೆರಡು ಗಂಟೆಯಾದರೂ ಮೇಲೇಳುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನ ಮೂರು ನಾಲ್ಕು ಗಂಟೆಗೇ ರುಬ್ಬಿ, ಕೈಯಿಂದಲೇ ಚೆನ್ನಾಗಿ ಕಲಸಿ, ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಒಲೆಯ ಕಟ್ಟೆಯ ಬೆಚ್ಚನೆಯ ಮೂಲೆಯಲ್ಲಿ ಇಟ್ಟರೆ ಬೆಳಿಗ್ಗೆ ಇಡ್ಲಿ ಹಗುರವಾಗಿ ಬರುತ್ತದೆ.

ಉಳಿದ ದಿನಗಳಿಗೆ ಉಪ್ಪಿಟ್ಟು, ಪುಳಿಯೋಗರೆ, ಚಿತ್ರಾನ್ನ, ವಾಂಗಿಬಾತ್‌ಗಳು ಅನುಕೂಲ, ಏಕೆಂದರೆ ತಿಂಡಿ ಮತ್ತು ಮಧ್ಯಾಹ್ನದ ಡಬ್ಬಿ ಒಂದೇ ಬಾಣಲೆಯಲ್ಲಿ ಮುಗಿಯುತ್ತವೆ. ರವೆಯನ್ನು ಭಾನುವಾರ ಒಂದೇ ಸಲಕ್ಕೆ ಘಮ ಬರುವಂತೆ ಹುರಿದು, ಆರಿದ ಮೇಲೆ ಡಬ್ಬಿಗೆ ತುಂಬಿಟ್ಟರೆ ವಾರದ ದಿನ ಉಪ್ಪಿಟ್ಟಿಗೆ ಒಗ್ಗರಣೆ ಮತ್ತು ಕುದಿಯುವ ನೀರು ಮಾತ್ರ ಸಾಕು. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೂ ಕುದಿಸಿ ಇಟ್ಟುಕೊಂಡರೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಚಿತ್ರಾನ್ನಕ್ಕೆ ರಾತ್ರಿಯ ಅನ್ನವನ್ನೇ ಬಳಸುವವರು ಅದನ್ನು ಇಡೀ ರಾತ್ರಿ ಕಟ್ಟೆಯ ಮೇಲೆ ಬಿಡಬಾರದು. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು, ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಬೇಕು. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಕ್ಕಿರೊಟ್ಟಿಯಂಥ, ಒಂದೊಂದಾಗಿ ತಟ್ಟಿ ಬೇಯಿಸುವ ತಿಂಡಿಯನ್ನು ವಾರದ ದಿನಕ್ಕೆ ಇಟ್ಟುಕೊಳ್ಳಬೇಡಿ. ಅದು ಎಲ್ಲರೂ ಮನೆಯಲ್ಲಿರುವ, ಕಾವಲಿಯಿಂದ ನೇರವಾಗಿ ತಟ್ಟೆಗೆ ಬೀಳುವ ಭಾನುವಾರದ ತಿಂಡಿ.

ಮಂಡ್ಯದ ಕಡೆ ಬೆಳಿಗ್ಗೆಯೇ ಮುದ್ದೆ ಉಂಡು ಹೊರಡುವ ಮನೆಗಳಿಗೆ ಇದಕ್ಕಿಂತ ಸುಲಭದ ದಾರಿಯಿದೆ. ರಾತ್ರಿ ಮಾಡಿಟ್ಟ ಬಸ್ಸಾರು ಬೆಳಿಗ್ಗೆಗೆ ಇನ್ನೂ ಚೆನ್ನಾಗಿರುತ್ತದೆ. ಉಪ್ಸಾರಿನ ಖಾರವನ್ನು ಒಮ್ಮೆ ಅರೆದು ಫ್ರಿಜ್ಜಿನಲ್ಲಿಟ್ಟುಕೊಂಡರೆ ಹಲವು ದಿನ ಬರುತ್ತದೆ, ಸೊಪ್ಪು ಕಾಳು ಬೇಯಿಸಿಕೊಂಡರೆ ಆಯಿತು. ಬೆಳಿಗ್ಗೆ ಉಳಿಯುವುದು ಎಸರಿಟ್ಟು ಮುದ್ದೆ ತೊಳಸುವ ಕೆಲಸವೊಂದೇ.

ತರಕಾರಿಯಲ್ಲಿ ಹುರುಳಿಕಾಯಿ, ಕ್ಯಾರೆಟ್, ಕೋಸುಗಳನ್ನು ಸಂಜೆಯೇ ಹೆಚ್ಚಿ, ನೀರಿನ ಪಸೆ ಆರಿಸಿ ಡಬ್ಬಿಯಲ್ಲಿ ಮುಚ್ಚಿಡಬಹುದು. ಬದನೆಕಾಯಿ, ಆಲೂಗೆಡ್ಡೆಗಳು ಕಪ್ಪಾಗುವುದರಿಂದ ಅವನ್ನು ಬೆಳಿಗ್ಗೆಯೇ ಹೆಚ್ಚಿ ನೀರಿಗೆ ಹಾಕಬೇಕು. ತೆಂಗಿನಕಾಯಿಯನ್ನು ವಾರಕ್ಕೊಮ್ಮೆ ತುರಿದು ತೆಳುವಾದ ಪದರವಾಗಿ ಫ್ರೀಜರಿನಲ್ಲಿಟ್ಟರೆ ಚಟ್ನಿಗೆ ಬೇಕಾದಷ್ಟನ್ನು ಮುರಿದು ತೆಗೆದುಕೊಳ್ಳಬಹುದು. ಅವರೆಕಾಯಿಯ ಕಾಲದಲ್ಲಿ ಕಾಳು ಬಿಡಿಸುವುದು, ನೆನೆಸಿ ಹಿತುಕುವುದು ರಾತ್ರಿಯ ಕೆಲಸವಾಗಿ, ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸವಾಗಿ ಉಳಿಯಲಿ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಎಷ್ಟೇ ಉಪಾಯ ಮಾಡಿದರೂ ಇಷ್ಟೂ ಕೆಲಸ ಮನೆಯ ಒಬ್ಬ ಹೆಂಗಸಿನ ಮೇಲೇ ಬಿದ್ದಿದ್ದರೆ ಬೆಳಗು ಹಗುರವಾಗುವುದಿಲ್ಲ. ಅವರ ರಾತ್ರಿಯೂ ಭಾರವಾಗುತ್ತದೆ, ಅಷ್ಟೆ. ಆಗಾಗ ‘ಸಹಾಯ ಮಾಡುವುದು’ ಸಾಲದು, ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಬೇಕು. ಕಾಫಿ ಮತ್ತು ಹಾಲು ಒಬ್ಬರದಾದರೆ ರಾತ್ರಿ ಪುಡಿ ಹಾಕಿಡುವುದರಿಂದ ಹಿಡಿದು ಲೋಟ ತೊಳೆಯುವವರೆಗೂ ಅವರದೇ. ನೀರಿನ ಬಾಟಲು ತುಂಬುವುದು ಎಂಟು ವರ್ಷದ ಮಗುವಿಗೂ ಸಾಧ್ಯ. ಹಾಸಿಗೆ ಮಡಿಸುವುದನ್ನು ಅವರವರೇ ಮಾಡಿಕೊಳ್ಳಬೇಕು.

ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ನೀರಿನ ಕಂಟ್ರೋಲರ್ ಆದ ಮೇಲೆ ನಾನು ಎರಡನೆಯ ಸ್ಥಾನ ಕೊಡುವುದು ಇನ್ನೊಂದು ಚಿಕ್ಕ ಕುಕ್ಕರಿಗೆ. ಒಂದರಲ್ಲಿ ಅನ್ನ ಬೇಯುವಾಗ ಇನ್ನೊಂದರಲ್ಲಿ ಬೇಳೆ, ತರಕಾರಿ ಬೆಂದರೆ ಒಂದು ಕುಕ್ಕರಿನ ಆವಿ ಇಳಿಯಲು ಕಾಯುವ ಹೊತ್ತು ಉಳಿಯುತ್ತದೆ. ಮೂರನೆಯದು ಎರಡನೆಯ ಜೊತೆ ಡಬ್ಬಿ ಮತ್ತು ಬಾಟಲು: ಸಂಜೆ ಬ್ಯಾಗಿನಲ್ಲೇ ಉಳಿದ ಡಬ್ಬಿಯನ್ನು ಬೆಳಿಗ್ಗೆ ಉಜ್ಜುತ್ತಾ ನಿಲ್ಲುವ ಸ್ಥಿತಿ ತಪ್ಪುತ್ತದೆ. ಗ್ಯಾಸ್ ಸಂಪರ್ಕ ಎರಡು ಸಿಲಿಂಡರಿನದಾಗಿರಲಿ, ಒಂದು ಖಾಲಿಯಾದ ದಿನವೇ ಮುಂದಿನದನ್ನು ಬುಕ್ ಮಾಡಿ. ಮಕ್ಕಳ ಸಮವಸ್ತ್ರವನ್ನು ವಾರದ ಲೆಕ್ಕದಲ್ಲಿ ಭಾನುವಾರವೇ ಇಸ್ತ್ರಿಗೆ ಕೊಟ್ಟು ತರಿಸಿ, ಬೆಲ್ಟು, ಗುರುತಿನ ಚೀಟಿ, ಕಾಲುಚೀಲಗಳ ಸಮೇತ ಒಂದೊಂದು ದಿನದ್ದನ್ನು ಒಂದೊಂದು ಹ್ಯಾಂಗರಿಗೆ ತೂಗುಹಾಕಿ. ಶಾಲೆಯ ಡೈರಿಗೆ ಸಹಿ ಹಾಕುವುದು ರಾತ್ರಿಯ ಊಟಕ್ಕೆ ಮೊದಲೇ ಆಗಲಿ.

ಕೊಳ್ಳಬಾರದ ವಸ್ತುಗಳೂ ಇವೆ. ಯಾವ ಯಂತ್ರವನ್ನೇ ಕೊಳ್ಳುವಾಗಲೂ ಅದನ್ನು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ಈರುಳ್ಳಿ ಹೆಚ್ಚಲು ನಾಲ್ಕು ಭಾಗಗಳ ವಿದ್ಯುತ್ ಚಾಪರ್ ತೆಗೆಯುವುದಕ್ಕಿಂತ ಹರಿತವಾದ ಚಾಕುವೋ ಈಳಿಗೆಮಣೆಯೋ ಬೇಗ. ಇರುವ ಚಾಕುವನ್ನು ಸಾಣೆ ಹಿಡಿಸುವುದು ಹೊಸ ಯಂತ್ರಕ್ಕಿಂತ ಒಳ್ಳೆಯ ಖರ್ಚು.

ಹೊರಡುವ ಹೊತ್ತು

ಬಾಗಿಲ ಪಕ್ಕದ ಗೋಡೆಗೆ ಕೀಲಿಗಳಿಗಾಗಿ ನಾಲ್ಕು ಕೊಕ್ಕೆ, ಅದರ ಕೆಳಗೆ ಹೆಲ್ಮೆಟ್ಟು, ಕೊಡೆ, ಬ್ಯಾಗುಗಳಿಗೆ ಒಂದು ಹಲಗೆ ಇದ್ದರೆ ಹುಡುಕಾಟ ನಿಲ್ಲುತ್ತದೆ. ಗಾಡಿಗೆ ಪೆಟ್ರೋಲನ್ನು ಸಂಜೆ ಮನೆಗೆ ಬರುವಾಗಲೇ ಹಾಕಿಸಿ.

ಮೈಸೂರು–ಮಂಡ್ಯ ನಡುವಿನ ಸುಮಾರು 45 ಕಿಲೋಮೀಟರನ್ನು ದ್ವಿಚಕ್ರ ವಾಹನದಲ್ಲಿ ಓಡಾಡುವವರು ಒಂದು ಸಂಗತಿಯನ್ನು ಹೊತ್ತಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಆದ್ದರಿಂದ ರೈಲೇ ಅನುಕೂಲ ಎಂದುಕೊಳ್ಳುವವರು ತಿಂಗಳ ಅಥವಾ ಮೂರು ತಿಂಗಳ ಸೀಸನ್ ಟಿಕೆಟ್ ಮಾಡಿಸಿಕೊಂಡರೆ ನಿತ್ಯ ಕೌಂಟರಿನ ಸಾಲು ತಪ್ಪುತ್ತದೆ. ಮುಗಿಯುವ ತಾರೀಖನ್ನು ಮೊಬೈಲಿನಲ್ಲಿ ಎರಡು ದಿನ ಮುಂಚಿತವಾಗಿ ನೆನಪಿಸುವಂತೆ ಇಟ್ಟುಕೊಳ್ಳಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣಿಸುವ ಮಹಿಳೆಯರು ಗುರುತಿನ ಚೀಟಿಯನ್ನು ಪರ್ಸಿನ ಒಳಖಾನೆಯಲ್ಲಿ ಹುದುಗಿಸಿಡದೆ, ನಿಂತಲ್ಲಿಯೇ ಒಂದು ಕೈಯಲ್ಲಿ ತೆಗೆದು ತೋರಿಸುವಂತೆ ಬ್ಯಾಗಿನ ಹೊರಗಿನ ಜಿಪ್ಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.