ಭಕ್ತರು ಬರೆದ ಜೋಸೆಫ್ ಸ್ಮಿತ್ ಚರಿತ್ರೆ: ನಾನು ಓದಿದ ರೀತಿ

ಭಕ್ತರೇ ಬರೆದ ಜೀವನಚರಿತ್ರೆ ಅಂದ ಕೂಡಲೇ ಪಕ್ಕಕ್ಕಿಡುವವರು ಜಾಸ್ತಿ. ಅಮೆರಿಕದಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥ ಸ್ಥಾಪಿಸಿದ ಜೋಸೆಫ್ ಸ್ಮಿತ್ ಬಗ್ಗೆ ಓದುವಾಗ ನಾನು ಹಾಗೆ ಮಾಡಲಿಲ್ಲ. ಬರೆದವರ ನಂಬಿಕೆ ಯಾವುದು ಅನ್ನೋದಕ್ಕಿಂತ, ಮುಜುಗರದ ಜಾಗ ಬಂದಾಗ ಅವರು ಏನು ಮಾಡ್ತಾರೆ ಅನ್ನೋದು ನನಗೆ ಮುಖ್ಯ.

ಹಾಗಾಗಿ ಮೊದಲ ಪುಟದಿಂದ ಶುರು ಮಾಡಲೇ ಇಲ್ಲ. ಪುಸ್ತಕದ ಕೊನೆಯಲ್ಲಿರುವ ಪದಸೂಚಿ ತೆಗೆದು ಕಷ್ಟದ ಪ್ರಸಂಗಗಳನ್ನೇ ಹುಡುಕಿದೆ: ಕಲ್ಲು ನೋಡಿ ನಿಧಿ ತೋರಿಸ್ತೀನಿ ಅಂತಾರೆ ಅನ್ನೋ ದೂರಿನ ಮೇಲೆ 1826ರಲ್ಲಿ ಕೋರ್ಟಿಗೆ ನಿಲ್ಲಿಸಿದ್ದು, 1837ರಲ್ಲಿ ಕರ್ಟ್‌ಲ್ಯಾಂಡಿನ ಲ್ಲಿ ಸ್ಮಿತ್ ಶುರು ಮಾಡಿದ್ದ ಬ್ಯಾಂಕ್ ಮುಳುಗಿದ್ದು, ಮಾರ್ಮನ್ನರ ನೌವೂ ಪಟ್ಟಣದಲ್ಲಿ ಸ್ಮಿತ್ ಮಾಡಿಕೊಂಡ ಗುಟ್ಟಿನ ಮದುವೆಗಳು, 1844ರ ಜೂನ್‌ನಲ್ಲಿ ವಿರೋಧಿಗಳ ಪತ್ರಿಕೆಯ ಪ್ರೆಸ್ ಒಡೆಸಿದ್ದು. ರಿಚರ್ಡ್ ಬುಷ್‌ಮನ್ 2005ರಲ್ಲಿ ತಂದ ಚರಿತ್ರೆಯಲ್ಲಿ ಇವೆಲ್ಲವೂ ಇವೆ. ಅವರು ಸ್ವತಃ ಮಾರ್ಮನ್, ಅದನ್ನು ಮುಚ್ಚಿಡುವುದೂ ಇಲ್ಲ. ಆಗಲೇ ಗಂಡನಿದ್ದ ಹೆಂಗಸರನ್ನು ಸ್ಮಿತ್ ಮದುವೆಯಾದದ್ದನ್ನೂ ಬರೆದಿದ್ದಾರೆ. ಅಲ್ಲಿಗೆ ನನಗೆ ಅರ್ಧ ನಂಬಿಕೆ ಬಂತು.

ಉಳಿದ ಅರ್ಧಕ್ಕೆ ಮೂಲ ಕಾಗದಗಳನ್ನೇ ನೋಡಬೇಕಿತ್ತು. ಮಾರ್ಮನ್ ಚರ್ಚ್ ಈಗ ಸ್ಮಿತ್ ಅವರ ಕಾಗದಪತ್ರಗಳ ಫೋಟೋಗಳನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದೆ, ಪಕ್ಕದಲ್ಲೇ ಟೈಪ್ ಮಾಡಿದ ಪಾಠವೂ ಇದೆ. 1832ರ ಹಾಳೆಗಳನ್ನು ತೆರೆದೆ. ದೇವರ ಮೊದಲ ದರ್ಶನದ ಬಗ್ಗೆ ಸ್ಮಿತ್ ಸ್ವಂತ ಕೈಯಲ್ಲಿ ಬರೆದ ಭಾಗ ಅಲ್ಲಿದೆ. ಪಾಪ ಕ್ಷಮೆಯಾಗಬೇಕು ಅನ್ನೋ ಸಂಕಟವೇ ಅದರ ತುಂಬ. 1838ರಲ್ಲಿ ಶುರುವಾದ ಬರಹದಲ್ಲಿ ಯಾವ ಚರ್ಚ್ ಸರಿ ಅನ್ನೋ ಪ್ರಶ್ನೆ ಮುಂದೆ ಬರುತ್ತದೆ, ಕಾಣಿಸಿಕೊಂಡವರು ಇಬ್ಬರು, ದೇವರು ಮತ್ತು ಯೇಸು, ಅಂತ ಸ್ಪಷ್ಟವಾಗುತ್ತದೆ. 1832ರ ಆ ಹಾಳೆಗಳನ್ನು ಯಾರೋ ಪುಸ್ತಕದಿಂದ ಕತ್ತರಿಸಿ ತೆಗೆದು, ಆಮೇಲೆ ಮತ್ತೆ ಸೇರಿಸಿದ್ದಾರೆ! ಬುಷ್‌ಮನ್ ಈ ಬೇರೆ ಬೇರೆ ಕಥನಗಳನ್ನು ಒಂದೇ ಅಂತ ಬೆರೆಸಿ ಹೇಳುವುದಿಲ್ಲ.

ಅಡಿಟಿಪ್ಪಣಿ ನೋಡುವಾಗ ಇನ್ನೊಂದು ಅಭ್ಯಾಸ ಮಾಡಿಕೊಂಡೆ. 'ಸ್ಮಿತ್ ಬರೆದರು' ಅಂತ ಇದ್ದರೆ, ನಿಜಕ್ಕೂ ಬರೆದ ಕೈ ಯಾರದು ಅಂತ ನೋಡ್ತೀನಿ. ಸ್ಮಿತ್ 1844ರಲ್ಲಿ ಕಾರ್ತೇಜ್ ಜೈಲಿನಲ್ಲಿ ಕೊಲೆಯಾದ ಮೇಲೂ ಗುಮಾಸ್ತರು ಚರ್ಚಿನ ಅಧಿಕೃತ ಇತಿಹಾಸವನ್ನು ಮುಂದುವರಿಸಿದರು. ಬೇರೆಯವರ ಡೈರಿಯಲ್ಲಿ 'ಜೋಸೆಫ್ ಹೀಗೆ ಮಾಡಿದರು' ಅಂತ ಇದ್ದದ್ದನ್ನು 'ನಾನು ಹೀಗೆ ಮಾಡಿದೆ' ಅಂತ ತಿದ್ದಿದರು. ಹಳೆಯ ಭಕ್ತಿಯ ಪುಸ್ತಕಗಳು ಇದನ್ನು ಪ್ರವಾದಿಯ ಮಾತು ಅಂತಲೇ ಕೊಡುತ್ತವೆ. ಅಂಥ ಪುಸ್ತಕಗಳನ್ನು ನಾನು ನಂಬೋದಿಲ್ಲ.

ಹಾಗಂತ ಟೀಕಿಸಿ ಬರೆದದ್ದೆಲ್ಲ ಸರಿ ಅಂತಲೂ ಅಲ್ಲ. ಫಾನ್ ಬ್ರೋಡಿ 1945ರಲ್ಲಿ ಸ್ಮಿತ್ ಚರಿತ್ರೆಯನ್ನು ಧೈರ್ಯವಾಗಿ ಬರೆದು, ಮರುವರ್ಷ ಚರ್ಚಿನಿಂದಲೇ ಹೊರಬಿದ್ದವರು. ಅವರ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಸ್ಮಿತ್ ಗುಟ್ಟಾಗಿ ಮದುವೆಯಾದ ಹೆಂಗಸೊಬ್ಬರ ಮಗ ಆಲಿವರ್ ಬ್ಯುಯೆಲ್ ಅನ್ನೋರು ಸ್ಮಿತ್ ಮಗನೇ ಇರಬೇಕು ಅನ್ನೋ ಅವರ ವಾದ ಡಿಎನ್ಎ ಪರೀಕ್ಷೆಯಲ್ಲಿ ಬಿದ್ದುಹೋಯಿತು.

ಬುಷ್‌ಮನ್ ಜೊತೆ ನನಗೆ ತಕರಾರು ಇರೋದು ಒಂದೇ ಕಡೆ. ಸ್ಮಿತ್ ಅವರ ಆ ಗುಟ್ಟಿನ ಮದುವೆಗಳ ಉದ್ದೇಶ ಸಂಗಸುಖವಲ್ಲ, ಪರಲೋಕದಲ್ಲೂ ಉಳಿಯುವ ಬಂಧುಬಳಗ ಕಟ್ಟುವುದು ಅಂತಾರೆ. ಅದು ಅವರ ಅರ್ಥ, ದಾಖಲೆಯಲ್ಲ. ಸ್ಮಿತ್ ಅವರ ಮೊದಲ ಹೆಂಡತಿ ಎಮ್ಮಾ ಪಟ್ಟ ಪಾಡು ಅಲ್ಲಿ ತೆಳ್ಳಗಾಗಿಬಿಡುತ್ತೆ ಅಲ್ವಾ? ಅದಕ್ಕೇ ಆ ಅಧ್ಯಾಯಗಳ ಪಕ್ಕದಲ್ಲಿ ಇಬ್ಬರು ಮಾರ್ಮನ್ ಹೆಂಗಸರು 1984ರಲ್ಲಿ ತಂದ ಎಮ್ಮಾ ಚರಿತ್ರೆಯನ್ನು ತೆರೆದಿಟ್ಟುಕೊಂಡೇ ಓದಿದೆ. ಆ ಪುಸ್ತಕದ ಬಗ್ಗೆ ಚರ್ಚಿನ ಸಭೆಗಳಲ್ಲಿ ಮಾತಾಡಬಾರದು ಅಂತ ಅವರ ಬಾಯಿಯನ್ನೂ ಕೆಲವು ತಿಂಗಳು ಕಟ್ಟಿದ್ದರು.