ಬಾಯಿ ಕ್ಯಾನ್ಸರಿನ ಪುನರ್‌ರಚನಾ ಶಸ್ತ್ರಚಿಕಿತ್ಸೆಯ ನಂತರ ಊಟ, ಮಾತು, ದವಡೆಯ ಆರೈಕೆ

ಮುಂಗೈ, ತೊಡೆ ಅಥವಾ ಕಾಲಿನಿಂದ ತೆಗೆದ ಅಂಗಾಂಶವನ್ನು ಬಾಯಿಗೆ ಜೋಡಿಸಿದ ಮೇಲೆ, ಗಾಯ ಪೂರ್ತಿ ಮಾಯ್ದರೂ ಆ ಜಾಗಕ್ಕೆ ಸಾಮಾನ್ಯವಾಗಿ ಮೊದಲಿನಂತೆ ಸ್ಪರ್ಶ ತಿಳಿಯುವುದಿಲ್ಲ. ಆದ್ದರಿಂದ ಆಹಾರದ ಬಿಸಿಯನ್ನು ಮೊದಲು ಕೈಯಿಂದ ಪರೀಕ್ಷಿಸಿ, ಊಟವಾದ ಬಳಿಕ ಕೆನ್ನೆಯೊಳಗೆ ತುಣುಕುಗಳು ಉಳಿದಿವೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ.

ನುಂಗುವಿಕೆಯನ್ನು ತಜ್ಞರು ಪರೀಕ್ಷಿಸಿ ಒಪ್ಪಿದ ನಂತರವೇ ಬಾಯಿಯಿಂದ ಆಹಾರ ಆರಂಭಿಸಬೇಕು. ತೆಳುವಾದ ನೀರು ಸುಲಭವೆಂದು ತೋರಿದರೂ ಅದೇ ಬೇಗ ಶ್ವಾಸನಾಳಕ್ಕೆ ಜಾರಬಹುದು. ನೇರವಾಗಿ ಕುಳಿತು, ಸಣ್ಣ ತುತ್ತುಗಳನ್ನು ಮಾತಿಲ್ಲದೆ ನುಂಗಿ, ಕೆಮ್ಮು ಬಂದರೆ ಅಥವಾ ಧ್ವನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ತಿಳಿಸಿ.

ಹೆಚ್ಚಿನವರು ಬೇಸರದಿಂದ ಕೈಬಿಡುವುದು ದವಡೆಯ ವ್ಯಾಯಾಮವನ್ನು, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ತಪ್ಪು. ಬಾಯಿಯನ್ನು ಪೂರ್ತಿ ತೆರೆದಾಗ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವಿನ ಅಂತರ 35 ಮಿಲಿಮೀಟರಿಗಿಂತ ಕಡಿಮೆಯಾದರೆ ದವಡೆ ಬಿಗಿದಿದೆಯೆಂದು ಪರಿಗಣಿಸಲಾಗುತ್ತದೆ. ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಈ ಬಿಗಿತ ತಿಂಗಳುಗಳ ನಂತರವೂ ಹೆಚ್ಚಬಹುದಾದ್ದರಿಂದ, ವೈದ್ಯರು ಅನುಮತಿಸಿದ ದಿನದಿಂದಲೇ ದಿನಕ್ಕೆ ಹಲವು ಬಾರಿ ಅಭ್ಯಾಸ ಮಾಡಿ, ವಾರಕ್ಕೊಮ್ಮೆ ಅಳತೆ ಬರೆದಿಡಿ.

ಮಾತಿಗಾಗಿ ಪ್ರತಿದಿನ ಗಟ್ಟಿಯಾಗಿ ಓದಿ. ಫೋನಿನ ಸಂಭಾಷಣೆ ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ದವಡೆಗೆ ವಿಕಿರಣ ತಗುಲಿದ್ದರೆ, ಎಷ್ಟು ವರ್ಷ ಕಳೆದಿದ್ದರೂ ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ಹೇಳಲೇಬೇಕು. ಹೊಸ ಹುಣ್ಣು, ಗಂಟು ಅಥವಾ ರಕ್ತಸ್ರಾವ ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ.