ಜಾಡು ಬಿದ್ದ ದಾರಿಯಲ್ಲಿ ಅಗಲ ಟಯರಿನ ಜೀಪು ಎಳೆದಾಡುವುದೇಕೆ, ಅದನ್ನು ಹತೋಟಿಗೆ ತರುವುದು ಹೇಗೆ

ಶಿರಾ, ಪಾವಗಡ, ಗುಡಿಬಂಡೆ ಕಡೆಯ ಹೊಲದ ದಾರಿಗಳಲ್ಲಿ ಮಳೆಗಾಲದ ಕೆಸರಿನಲ್ಲಿ ಟ್ರ್ಯಾಕ್ಟರುಗಳೂ ಬೋರ್‌ವೆಲ್ ಲಾರಿಗಳೂ ಕೊರೆದ ಜಾಡುಗಳು ಬಿಸಿಲು ಬಿದ್ದ ಮೇಲೆ ಹಾಗೆಯೇ ಒಣಗಿ ಕಲ್ಲಿನಷ್ಟು ಗಟ್ಟಿಯಾಗುತ್ತವೆ. ಅಲ್ಲಿಯವರೆಗೆ ನೆಟ್ಟಗೆ ಓಡುತ್ತಿದ್ದ ಜೀಪಿಗೆ ಅಗಲವಾದ ಟಯರು ಹಾಕಿಸಿ ಅದೇ ದಾರಿಗೆ ಇಳಿಸಿದರೆ, ಸ್ಟೀರಿಂಗ್ ಒಮ್ಮೆ ಎಡಕ್ಕೆ, ಮರುಕ್ಷಣ ಬಲಕ್ಕೆ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಸ್ಟೀರಿಂಗ್ ಬಾಕ್ಸ್ ಹಾಳಾಗಿದೆಯೆಂದು ಭಾವಿಸಿ ದುಡ್ಡು ಸುರಿಯುವ ಮೊದಲು ಈ ಎಳೆತ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಟಯರಿನ ಅಗಲದಲ್ಲಿ ಮತ್ತು ಅದರ ಜೊತೆಗೆ ಬಂದ ಹೊಸ ರಿಮ್ಮಿನಲ್ಲಿ ಇರುತ್ತದೆ.

ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಒಂದು ಓರೆಯಾದ ಅಕ್ಷದ ಸುತ್ತ. ಹಳೆಯ ಜೀಪುಗಳಲ್ಲಿ ಅದು ಕಿಂಗ್ ಪಿನ್, ಹೊಸ ಥಾರ್‌ನಂತಹ ವಾಹನಗಳಲ್ಲಿ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳನ್ನು ಸೇರಿಸುವ ಗೆರೆ. ಆ ಗೆರೆಯನ್ನು ಕೆಳಗೆ ಎಳೆದರೆ ನೆಲವನ್ನು ಮುಟ್ಟುವ ಬಿಂದುವಿಗೂ ಟಯರಿನ ನಡುಗೆರೆಗೂ ಇರುವ ದೂರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ನೆಲವು ಟಯರನ್ನು ಹಿಂದಕ್ಕೆ ತಡೆಯುವ ಬಲ ಆ ಬಿಂದುವಿನಿಂದ ಎಷ್ಟು ದೂರದಲ್ಲಿ ಬೀಳುತ್ತದೋ, ಚಕ್ರವನ್ನು ತಿರುಚುವ ಶಕ್ತಿಯೂ ಅಷ್ಟು ಹೆಚ್ಚುತ್ತದೆ. ಬಾವಿಯ ರಾಟೆಯ ಹಿಡಿ ಉದ್ದವಾದಷ್ಟೂ ತಿರುಗಿಸುವುದು ಸಲೀಸಾಗುವ ಹಾಗೆ, ಇಲ್ಲಿ ನೆಲದ ಕೈಗೆ ಉದ್ದನೆಯ ಹಿಡಿ ಸಿಕ್ಕಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಮೂಲ ರಿಮ್ಮಿನಲ್ಲಿ ಈ ದೂರ 20 ಮಿ.ಮೀ. ಇದೆ, ನೆಲಕ್ಕೆ ತಾಗುವ ಪಟ್ಟಿಯ ಅಗಲ 140 ಮಿ.ಮೀ. ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಬಲವು ಪಟ್ಟಿಯ ನಡುವೆಯೇ ಬೀಳುವುದರಿಂದ ತಿರುಚುವ ತೋಳು 20 ಮಿ.ಮೀ. ಮಾತ್ರ, ಅದೂ ಎಡ ಬಲ ಎರಡೂ ಚಕ್ರಗಳಲ್ಲಿ ಸಮನಾಗಿದ್ದು, ಎರಡೂ ಮುಂಚಕ್ರಗಳನ್ನು ಜೋಡಿಸುವ ಸರಳಾದ ಟೈರಾಡ್ ಮೂಲಕ ಒಂದನ್ನೊಂದು ಕಳೆದುಹಾಕುತ್ತದೆ. ಜಾಡಿನೊಳಗೆ ಹಾಗಾಗುವುದಿಲ್ಲ. ಟಯರಿನ ಹೊರ ಅಂಚು ಗೋಡೆಗೆ ತಾಗಿದರೆ ಬಲವು ನಡುಗೆರೆಯಿಂದ 70 ಮಿ.ಮೀ. ಆಚೆ ಬಿದ್ದು ತೋಳು 90 ಮಿ.ಮೀ. ಆಗುತ್ತದೆ, ಚಕ್ರ ಹೊರಕ್ಕೆ ತಿರುಗಲು ನೋಡುತ್ತದೆ. ಒಳ ಅಂಚು ತಾಗಿದರೆ ಬಲವು ಅಕ್ಷದ ಇನ್ನೊಂದು ಬದಿಗೆ 50 ಮಿ.ಮೀ. ದೂರದಲ್ಲಿ ಬಿದ್ದು ಚಕ್ರ ಒಳಕ್ಕೆ ತಿರುಗಲು ನೋಡುತ್ತದೆ. ಈಗ 200 ಮಿ.ಮೀ. ಪಟ್ಟಿಯ ಟಯರನ್ನು, ಚಕ್ರವನ್ನು 40 ಮಿ.ಮೀ. ಹೊರಕ್ಕೆ ತಳ್ಳುವ ರಿಮ್ಮಿನ ಮೇಲೆ ಕೂರಿಸಿದರೆ ಹೊರ ಅಂಚಿನ ತೋಳು 160 ಮಿ.ಮೀ.ಗೆ ಏರುತ್ತದೆ, ಒಳ ಅಂಚಿನದು ಇನ್ನೊಂದು ಬದಿಗೆ 40 ಮಿ.ಮೀ. ಆಗುತ್ತದೆ. ಅಂದರೆ ಅಗಲವು ಎಳೆತದ ಓಲಾಟವನ್ನು ಹಿಗ್ಗಿಸುತ್ತದೆ, ಹೊರಚಾಚಿದ ರಿಮ್ಮು ಹೊರ ಅಂಚಿಗೆ ಬೀಳುವ ಹೊಡೆತವನ್ನು ಜೋರಾಗಿಸುತ್ತದೆ. ಇವೆರಡೂ ಬೇರೆ ಬೇರೆ ದೋಷಗಳು, ಪರಿಹಾರವೂ ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ ಹೋಗುವುದರಿಂದಲೇ ಅನೇಕರ ರಿಪೇರಿ ಕೈಗೂಡುವುದಿಲ್ಲ.

ಕಿರಿದಾದ ಟಯರು ಜಾಡಿನ ತಳದಲ್ಲಿ ಕುಳಿತು ಗೋಡೆಗೆ ತಾಗದೆ ಸಾಗುತ್ತದೆ. ಹಳೆಯ ಜೀಪುಗಳ 6.00-16 ಟಯರು ಸುಮಾರು 150 ಮಿ.ಮೀ. ಅಗಲವಿತ್ತು, ಇಂದಿನ ಜಿಮ್ನಿಯದು 195 ಮಿ.ಮೀ., 18 ಇಂಚಿನ ಥಾರ್‌ನದು 255 ಮಿ.ಮೀ. ಟ್ರ್ಯಾಕ್ಟರಿನ 13.6-28 ಹಿಂಟಯರು ಇದಕ್ಕಿಂತಲೂ ಅಗಲವಾಗಿರುವುದರಿಂದ ಅದು ಕೊರೆದ ಜಾಡಿನಲ್ಲಿ 255ರ ಟಯರಿಗೂ ಜಾಗ ಸಾಕಾಗಬೇಕಲ್ಲವೇ ಎಂದು ಕೇಳಬಹುದು. ಆದರೆ ಜಾಡಿನ ತಳ ಸಪಾಟಾಗಿರದೆ ಬಾಣಲೆಯಂತೆ ಬಗ್ಗಿರುತ್ತದೆ. ಅಲ್ಲದೆ ಟ್ರ್ಯಾಕ್ಟರಿನ ಎರಡು ಚಕ್ರಗಳ ನಡುವಿನ ಅಂತರವೂ ಜೀಪಿನದೂ ಹೊಂದುವುದು ಅಪರೂಪ. ಹಾಗಾಗಿ ಒಂದು ಚಕ್ರ ತಳದಲ್ಲಿದ್ದಾಗ ಮತ್ತೊಂದು ಇಳಿಜಾರು ಗೋಡೆಯ ಮೇಲೆ ತೆವಳುತ್ತಿರುತ್ತದೆ, ಟೈರಾಡ್‌ನಲ್ಲಿ ಕಳೆದುಹೋಗಬೇಕಿದ್ದ ಬಲಗಳು ಕಳೆಯದೆ ನೇರವಾಗಿ ಚಾಲಕನ ಕೈಗೆ ಬರುತ್ತವೆ.

ಪರೀಕ್ಷೆಯನ್ನು ಸುಲಭದ್ದರಿಂದ ಆರಂಭಿಸಬೇಕು. ವಾಹನಸಂಚಾರವಿಲ್ಲದ, ಜಾಡಿಲ್ಲದ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಸ್ಟೀರಿಂಗನ್ನು ಸಡಿಲವಾಗಿ ಹಿಡಿದು ನೋಡಿ. ಅಲ್ಲಿಯೂ ಒಂದೇ ಬದಿಗೆ ಎಳೆದರೆ ಗಾಳಿಯ ಒತ್ತಡ, ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕಿನ ಕಡೆ ಗಮನ ಹರಿಸಬೇಕು. ಅಲ್ಲಿ ನೆಟ್ಟಗೆ ಹೋಗಿ ಜಾಡಿನಲ್ಲಿ ಮಾತ್ರ ಎರಡೂ ಬದಿಗೆ ಎಳೆದಾಡಿದರೆ ಮೇಲೆ ಹೇಳಿದ ಕಾರಣಗಳೇ ಮುಖ್ಯ.

ಆನಂತರ ಸಡಿಲವಾದ ಭಾಗಗಳನ್ನು ಹುಡುಕಬೇಕು, ಏಕೆಂದರೆ ಕಿರಿದಾದ ಟಯರಿನ ಕಾಲದಲ್ಲಿ ಗೊತ್ತಾಗದಿದ್ದ ಸವೆತವನ್ನು ಅಗಲ ಟಯರು ಎತ್ತಿ ತೋರಿಸುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಚಕ್ರವನ್ನು ಜಾಕ್ ಮಾಡಿ, ಸ್ಟ್ಯಾಂಡ್ ಇಟ್ಟು, ಟಯರಿನ ಮೇಲ್ಭಾಗ ಮತ್ತು ಕೆಳಭಾಗವನ್ನು ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ವೀಲ್ ಬೇರಿಂಗ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡಬಲ ಅಂಚುಗಳನ್ನು ಹಿಡಿದು ಅಲುಗಾಡಿಸಿದಾಗ ಮಾತ್ರ ಆಡಿದರೆ ಟೈರಾಡ್ ತುದಿಯನ್ನೋ ಸ್ಟೀರಿಂಗ್ ಬಾಕ್ಸನ್ನೋ ಶಂಕಿಸಬೇಕು. ಇವನ್ನು ಸರಿಪಡಿಸದೆ ಸ್ಟೀರಿಂಗ್ ಡ್ಯಾಂಪರ್ ಹಾಕಿಸುವುದು ನನ್ನ ಮಟ್ಟಿಗೆ ತಪ್ಪು. ಡ್ಯಾಂಪರ್ ಹೊಡೆತವನ್ನು ಮೆತ್ತಗೆ ಮಾಡುತ್ತದೆಯೇ ಹೊರತು ಅದರ ಮೂಲವನ್ನು ತೆಗೆಯುವುದಿಲ್ಲ, ಸವೆದ ಜಾಯಿಂಟನ್ನು ಇನ್ನಷ್ಟು ದಿನ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ.

ರಿಮ್ಮು ಚಕ್ರವನ್ನು ಎಷ್ಟು ಹೊರತಳ್ಳಿದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಟಯರಿಲ್ಲದ ರಿಮ್ಮನ್ನು ಮುಖ ಕೆಳಗಾಗಿ ಇಟ್ಟು, ಹಿಂಬದಿಯ ಅಂಚುಗಳ ಮೇಲೆ ಒಂದು ನೇರವಾದ ಪಟ್ಟಿಯನ್ನು ಅಡ್ಡ ಇಡಿ. ಪಟ್ಟಿಯಿಂದ ಒಳಗೆ ಹಬ್‌ಗೆ (ರಿಮ್ಮನ್ನು ಬೋಲ್ಟ್ ಮಾಡುವ ಭಾಗಕ್ಕೆ) ಕೂರುವ ಮುಖದವರೆಗಿನ ಆಳವನ್ನು ಅಳೆದು, ಅದರಿಂದ ರಿಮ್ಮಿನ ಒಟ್ಟು ಅಗಲದ ಅರ್ಧವನ್ನು ಕಳೆಯಿರಿ, ಉಳಿಯುವ ಅಂಕಿಯೇ ರಿಮ್ಮಿನ ಆಫ್‌ಸೆಟ್. ಹಳೆಯ ರಿಮ್ಮಿನ ಅಗಲ 200 ಮಿ.ಮೀ., ಆಳ 140 ಇದ್ದರೆ 40 ಉಳಿಯುತ್ತದೆ. ಹೊಸದರ ಅಗಲ 250, ಆಳ 125 ಇದ್ದರೆ ಸೊನ್ನೆ. ಟಯರಿನ ನಡುಗೆರೆ 40 ಮಿ.ಮೀ. ಹೊರಗೆ ಬಂದಿದೆ ಎಂದರ್ಥ. ರಿಮ್ಮಿಗೂ ಹಬ್‌ಗೂ ನಡುವೆ ಕೂರಿಸುವ ವೀಲ್ ಸ್ಪೇಸರ್ ಹಾಕಿದ್ದರೆ ಅದರ ದಪ್ಪವನ್ನೂ ಸೇರಿಸಬೇಕು, ಸಾಧ್ಯವಾದರೆ ಸ್ಪೇಸರನ್ನು ತೆಗೆದೇ ಹಾಕಬೇಕು. ಕಂಪನಿ ಕೊಟ್ಟ ಆಫ್‌ಸೆಟ್‌ಗೆ ಹತ್ತಿರವಿರುವ ರಿಮ್ಮಿಗೆ ಮರಳುವುದಕ್ಕಿಂತ ಒಳ್ಳೆಯ ಮದ್ದು ಈ ಕಾಯಿಲೆಗೆ ಇಲ್ಲ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಡಾಂಬರು ರಸ್ತೆಗೆ ಟಯರಿನ ಗಾಳಿಯ ಒತ್ತಡ ಸರಿಯಿದೆಯೇ ಎಂದು ನೋಡಲು ಒಂದು ಚಾಕ್‌ಪೀಸ್ ಸಾಕು. ಟಯರಿನ ಪಟ್ಟಿಯ ಮೇಲೆ ಅಡ್ಡಲಾಗಿ ದಪ್ಪ ಗೆರೆ ಎಳೆದು ನೂರು ಮೀಟರ್ ನೆಟ್ಟಗೆ ಓಡಿಸಿ ಇಳಿದು ನೋಡಿದಾಗ, ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಅಲೈನ್‌ಮೆಂಟ್ ಮಾಡಿಸುವಾಗ ಮುಂದಿನ ಚಕ್ರಗಳು ಸ್ವಲ್ಪವೂ ಹೊರಮುಖವಾಗಿರದಂತೆ ನೋಡಿಕೊಳ್ಳಬೇಕು. ಜಿಮ್ನಿಯಂತೆ ಮುಂದೆ ಗಟ್ಟಿ ಆಕ್ಸಲ್ ಇರುವ ವಾಹನವನ್ನು ಲಿಫ್ಟ್ ಕಿಟ್ ಹಾಕಿ ಎತ್ತರಿಸಿದ್ದರೆ ಆಕ್ಸಲ್ ಹೊರಳಿ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿರುತ್ತದೆ, ಸ್ಟೀರಿಂಗ್ ತಾನಾಗಿ ನಡುವಿಗೆ ಬರುವ ಗುಣ ಕುಂದುತ್ತದೆ. ಅದಕ್ಕೆ ಕ್ಯಾಸ್ಟರ್ ಸರಿಪಡಿಸುವ ಬುಷ್‌ಗಳು ಬೇಕಾಗುತ್ತವೆ.

ಮರಳಿನಲ್ಲಿ, ಕೆರೆಯ ಅಂಗಳದ ಮೆತ್ತನೆಯ ಮಣ್ಣಿನಲ್ಲಿ ಅಗಲ ಟಯರು ಹೂತುಹೋಗದೆ ತೇಲಿಸುತ್ತದೆ, ಅದು ನಿಜವಾದ ಅನುಕೂಲ. ದೇವರಾಯನದುರ್ಗದ ಸುತ್ತಲಿನಂತಹ ಕಲ್ಲುಮಣ್ಣಿನ ದಾರಿಗೂ ಹೊಲದ ಜಾಡಿಗೂ ಮಾತ್ರ ಹೋಗುವವರು ಅಗಲವನ್ನು ಬಿಟ್ಟು ಎತ್ತರವಾದ, ಕಿರಿದಾದ ಟಯರನ್ನೇ ಆರಿಸುವುದು ಮೇಲು.

ಚಾಲನೆಯಲ್ಲಿ ಸ್ಟೀರಿಂಗಿನೊಂದಿಗೆ ಗುದ್ದಾಡಬಾರದು. ಹೆಬ್ಬೆರಳುಗಳನ್ನು ಕಡ್ಡಿಗಳ ಒಳಗೆ ಸಿಕ್ಕಿಸದೆ ಚಕ್ರದ ಮೇಲೆಯೇ ಇಟ್ಟು, ಸಣ್ಣ ಓಲಾಟವನ್ನು ಹಾಗೆಯೇ ಬಿಟ್ಟು ಒಟ್ಟು ದಿಕ್ಕನ್ನು ಮಾತ್ರ ಕಾಯಬೇಕು. ಜಾಗವಿದ್ದರೆ ಒಂದು ಬದಿಯ ಚಕ್ರಗಳನ್ನು ನಡುವಿನ ದಿಣ್ಣೆಯ ಮೇಲೂ ಇನ್ನೊಂದು ಬದಿಯವನ್ನು ಜಾಡಿನ ಹೊರ ಅಂಚಿನ ಮೇಲೂ ನಡೆಸಬೇಕು. ಜಾಡಿನಿಂದ ಹೊರಬರಬೇಕಾದಾಗ ಗೋಡೆ ತಗ್ಗಿರುವ ಕಡೆ ವೇಗ ಇಳಿಸಿ ಚೆನ್ನಾಗಿ ತಿರುಗಿಸಿ ಹತ್ತಿಸಬೇಕು. ಸ್ವಲ್ಪವೇ ತಿರುಗಿಸಿದರೆ ಟಯರು ಗೋಡೆಯನ್ನು ಉಜ್ಜುತ್ತಾ ಸಾಗಿ, ಹಿಡಿತ ಸಿಕ್ಕ ಕಡೆ ಒಮ್ಮೆಲೇ ಹೊರಕ್ಕೆ ಜಿಗಿಯುತ್ತದೆ. ಹಸಿ ಕೆಮ್ಮಣ್ಣಿನಲ್ಲಿ ಇದು ಇನ್ನೂ ಅಪಾಯಕರ: ಚಕ್ರಗಳು ಒಂದು ಬದಿಗೆ ತಿರುಗಿದ್ದರೂ ಗಾಡಿ ಜಾಡು ಹಿಡಿದು ನೇರವಾಗಿಯೇ ಹೋಗುತ್ತಿರುತ್ತದೆ. ಆದ್ದರಿಂದ ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ಟಯರು ಯಾವ ಕಡೆ ನೋಡುತ್ತಿದೆ ಎಂದು ಆಗಾಗ ಖಚಿತಪಡಿಸಿಕೊಳ್ಳಬೇಕು.

ಕಲ್ಲಿನ ಲೋಡಿನ ಟಿಪ್ಪರುಗಳು ಓಡಾಡುವ ಡಾಂಬರು ರಸ್ತೆಗಳಲ್ಲೂ ಬೇಸಿಗೆಯ ಬಿಸಿಗೆ ಡಾಂಬರು ಮೆತ್ತಗಾಗಿ ಆಳವಿಲ್ಲದ ಜಾಡು ಬೀಳುತ್ತದೆ. ಮಳೆ ಬಂದಾಗ ಅದರಲ್ಲಿ ನೀರು ನಿಲ್ಲುತ್ತದೆ, ಅಗಲ ಟಯರು ಆ ನೀರಿನ ಮೇಲೆ ಕಿರಿದಾದದ್ದಕ್ಕಿಂತ ಬೇಗ ತೇಲಿ ಹಿಡಿತ ಕಳೆದುಕೊಳ್ಳುತ್ತದೆ. ಅಂತಹ ಕಡೆ ಮೊದಲೇ ವೇಗ ತಗ್ಗಿಸಿ, ತನ್ನ ಸಾಲಿನೊಳಗೇ ಜಾಡು ಬಿಟ್ಟು ಒಂದು ಅಡಿ ಪಕ್ಕಕ್ಕೆ ಸರಿದು ಹೋಗಬೇಕು.